ಭಾವ ಮಾತು ಬಿಟ್ಟ ಮೇಲೆ

ಬೆಳಗಿನ ಐದೂವರೆ. ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಒಂಬತ್ತು ಪಂಜರಗಳು ಸಾಲಾಗಿ ನಿಂತಿವೆ. ಒಂದೊಂದರ ಮೇಲೂ ಹಳೆಯ ಹತ್ತಿ ಬಟ್ಟೆ ಹೊದಿಸಿದೆ. ಲೈಟು ಹಾಕುವಂತಿಲ್ಲ, ಚಪ್ಪಲಿ ಸದ್ದು ಮಾಡುವಂತಿಲ್ಲ, ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರಬೇಕು. ಇಷ್ಟು ಕಟ್ಟಪ್ಪಣೆಗಳನ್ನು ಕೇಳಿಸಿಕೊಂಡು ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೇನೆ. ಮೊದಲ ಪಂಜರದ ಮುಂದೆ ಒಬ್ಬ ಹೆಂಗಸು ಬಟ್ಟೆಯ ತುದಿ ಹಿಡಿದು ನಿಂತಿದ್ದಾರೆ, ಎತ್ತುತ್ತಿಲ್ಲ. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಒಳಗಿನಿಂದ ರೆಕ್ಕೆ ಕೊಡವಿದ ಸಣ್ಣ ಸದ್ದು ಬರುತ್ತದೆ. ಆಗ ಬಟ್ಟೆ ಮೇಲೇಳುತ್ತದೆ.

"ಇಪ್ಪತ್ತೊಂದು ವರ್ಷ ಆಯ್ತು. ಈಗಲೂ ಒಳಗಿಂದ ಸದ್ದು ಕೇಳೋವರೆಗೂ ಈ ಬಟ್ಟೆ ಎತ್ತಲ್ಲ," ಎನ್ನುತ್ತಾರೆ ಅವರು, ಪಿಸುದನಿಯಲ್ಲಿ. "ನಾನು ನೋಡಿದ ಹಕ್ಕಿಗಳು ಜೀವ ಬಿಟ್ಟಿದ್ದು ಬೆಳಗಿನ ಜಾವದಲ್ಲೇ ಜಾಸ್ತಿ. ಸಾಯಂಕಾಲ ಚೆನ್ನಾಗೇ ಇತ್ತು ಅಂತ ಎಲ್ಲರೂ ಅಂತಾರೆ. ಚೆನ್ನಾಗಿರಲ್ಲ. ಚೆನ್ನಾಗಿರೋ ಹಂಗೆ ನಟಿಸ್ತಾ ಇರುತ್ತೆ."

ಬೀದಿಯವರು ಇವರನ್ನು ಪಂಜರದಕ್ಕ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತಾರು. ಜನ ಊರಿಗೆ ಹೋಗುವಾಗ, ಮನೆ ಬದಲಿಸುವಾಗ, ಆಸ್ಪತ್ರೆ ಸೇರುವಾಗ ತಮ್ಮ ಮುದಿ ಹಕ್ಕಿಗಳನ್ನು ಇವರ ಕೈಗೆ ಒಪ್ಪಿಸುತ್ತಾರೆ. ಮರಿಗಳನ್ನು ನೋಡಿಕೊಳ್ಳಲು ಬೇಕಾದಷ್ಟು ಜನ ಸಿಗುತ್ತಾರೆ, ಮರಿ ಮುದ್ದಾಗಿರುತ್ತದೆ. ಹದಿನಾಲ್ಕು, ಹದಿನೈದು ವರ್ಷ ದಾಟಿದ, ಕಣ್ಣು ಮಂಜಾದ, ಮೂಗಿನ ತುದಿಗೆ ಸಿಟ್ಟು ಕಟ್ಟಿಕೊಂಡ ಹಕ್ಕಿಯನ್ನು ಕೇಳುವವರಿಲ್ಲ. ಅಂಥವುಗಳೇ ಇಲ್ಲಿಗೆ ಬರುತ್ತವೆ. ಹೆಚ್ಚಿನವು ಗಿಳಿ ಜಾತಿಯ ಕಾಕಟೀಲ್‌ಗಳು. ಅಂಗೈಯಗಲದ ಮೈ, ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು. ನನಗೆ ಕೊಕ್ಕಿರುವ ಯಾವುದನ್ನು ಕಂಡರೂ ಅಷ್ಟಕ್ಕಷ್ಟೆ. ನಮ್ಮ ಪತ್ರಿಕೆಯ ಸಂಪಾದಕರು ಈ ಕೆಲಸಕ್ಕೆ ನನ್ನನ್ನೇ ಯಾಕೆ ಅಟ್ಟಿದರೋ ಗೊತ್ತಿಲ್ಲ.

ಬಟ್ಟೆ ತೆಗೆದ ಮೇಲೆ ತೂಕ. ಅಡುಗೆಮನೆಯ ಪುಟ್ಟ ತಕ್ಕಡಿಯ ಮೇಲೆ ಒಂದು ಕಡ್ಡಿ ಕೂರಿಸಿದ್ದಾರೆ. ಹಕ್ಕಿ ಅದರ ಮೇಲೆ ಹತ್ತುತ್ತದೆ, ಅಕ್ಕ ಗ್ರಾಂ ಓದುತ್ತಾರೆ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಾರೆ. ಎಂಬತ್ತೆಂಟು. ತೊಂಬತ್ತೆರಡು. ಎಂಬತ್ತೊಂದು, ನಿನ್ನೆ ಎಂಬತ್ತಮೂರಿತ್ತು, ಅದಕ್ಕೆ ಕೆಂಪು ಪೆನ್ನು. ಆಮೇಲೆ ಪಂಜರದ ಅಡಿಯ ಕಾಗದ ಎಳೆದು ಕಿಟಕಿಯ ಬಳಿ ಒಯ್ದು ಹಿಕ್ಕೆ ಎಣಿಸುತ್ತಾರೆ. ಹೌದು, ಎಣಿಸುತ್ತಾರೆ. ಎಷ್ಟು, ಯಾವ ಬಣ್ಣ, ನೀರೆಷ್ಟು. ಒಂಬತ್ತು ಕಾಗದಗಳನ್ನು ಒಂದೊಂದಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮುಗಿಸುವ ಹೊತ್ತಿಗೆ ನನಗೆ ಬೆಳಗಿನ ತಿಂಡಿಯ ಆಸೆ ಪೂರ್ತಿ ಬತ್ತಿಹೋಗಿದೆ.

ಈ ಕಣ್ಣು ಬಂದಿದ್ದು ಬಟ್ಟೆ ಕಾರ್ಖಾನೆಯಿಂದ. ಅಕ್ಕ ಅಲ್ಲಿ ಹನ್ನೆರಡು ವರ್ಷ ಅಂಗಿಗಳ ಹೊಲಿಗೆ ತಪಾಸಣೆ ಮಾಡುತ್ತಿದ್ದರು. ದಿನಕ್ಕೆ ಎಂಟುನೂರು ಅಂಗಿ ಕೈದಾಟುತ್ತಿತ್ತು. ತಪ್ಪಿದ ಒಂದು ಹೊಲಿಗೆ, ಹಿಂದುಮುಂದಾದ ಒಂದು ಗುಂಡಿ, ಅಷ್ಟೇ ಹುಡುಕುವುದು. ಕಾರ್ಖಾನೆ ಮುಚ್ಚಿದಾಗ ಜೊತೆಯವರೆಲ್ಲ ಇನ್ನೊಂದು ಕಾರ್ಖಾನೆಗೆ ಹೋದರು. ಇವರು ಆಗಷ್ಟೇ ಪಕ್ಕದ ಮನೆಯ ಹಕ್ಕಿಯನ್ನು ಎರಡು ವಾರ ನೋಡಿಕೊಂಡಿದ್ದರು. ಆ ಹಕ್ಕಿ ಎಡಗಾಲನ್ನು ಬಲಗಾಲಿಗಿಂತ ತುಸು ತಡವಾಗಿ ಎತ್ತುತ್ತದೆ ಎಂದು ಮಾಲೀಕರಿಗೆ ಹೇಳಿದರು. ಅವರು ನಕ್ಕರು. ಡಾಕ್ಟರು ನೋಡಿ ನಗಲಿಲ್ಲ. ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಪಂಜರಗಳು ಬರತೊಡಗಿದವು.

ಮನೆಯಲ್ಲಿ ನಾನ್‌ಸ್ಟಿಕ್ ಬಾಣಲೆ ಇಲ್ಲ. ಅದು ವಿಪರೀತ ಕಾದರೆ ಬರುವ ಹೊಗೆ ಹಕ್ಕಿಯ ಉಸಿರನ್ನೇ ನಿಲ್ಲಿಸಿಬಿಡುತ್ತದೆ. ಸೊಳ್ಳೆಬತ್ತಿ ಇಲ್ಲ, ಸೆಂಟು ಇಲ್ಲ, ಬೇಸಿಗೆಯಲ್ಲೂ ಆ ಕೋಣೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಹಕ್ಕಿಗಳ ಗರಿಯಿಂದ ಉದುರುವ ಬಿಳಿಪುಡಿ ಅಕ್ಕನ ಎದೆಯೊಳಗೆ ಸೇರಿ ಕೆಮ್ಮು ಕಾಯಂ ಆಗಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ. ಲಿಫ್ಟ್ ರಿಪೇರಿ ಮಾಡುವ ಗಂಡ ಕಾಫಿ ತಂದುಕೊಟ್ಟು ನನ್ನ ಕಿವಿಯಲ್ಲಿ ತಮ್ಮ ಅಹವಾಲು ಹೇಳಿಕೊಳ್ಳುತ್ತಾರೆ. ಅವರು ಎರಡು ಹೊತ್ತು ಉಪವಾಸ ಬಿದ್ದರೂ ಹೆಂಡತಿಗೆ ಗೊತ್ತಾಗುವುದಿಲ್ಲವಂತೆ, ಹಕ್ಕಿ ಎರಡು ಕಾಳು ಬಿಟ್ಟರೆ ಮನೆಯಲ್ಲಿ ತುರ್ತುಪರಿಸ್ಥಿತಿಯಂತೆ.

ಈ ಕೋಣೆಯಲ್ಲಿ ಆಡಬಾರದ ಮಾತೊಂದಿದೆ. 'ವಯಸ್ಸಾಯ್ತು.' ಪಂಜರ ತಂದುಕೊಡುವವರೆಲ್ಲ ಹೇಳುವುದು ಅದನ್ನೇ. ಒಂದು ಹಕ್ಕಿ ಕಡ್ಡಿಯಿಂದ ಕಡ್ಡಿಗೆ ಹಾರುವಾಗ ಗುರಿ ತಪ್ಪಿ ಬೀಳುತ್ತಿತ್ತು, ಮನೆಯವರು ವಯಸ್ಸು ಎಂದರು. ಅಕ್ಕ ಟಾರ್ಚ್ ಹಿಡಿದು ನೋಡಿದರೆ ಕಣ್ಣಲ್ಲಿ ಪೊರೆ. ಕಡ್ಡಿಗಳನ್ನು ಕೆಳಗಿಳಿಸಿ ಬಟ್ಟೆ ಸುತ್ತಿದರು, ಬೀಳುವುದು ನಿಂತಿತು. ಇನ್ನೊಂದು ಪ್ರತಿ ಸಂಜೆ ಗಂಟಲು ಹರಿಯುವಂತೆ ಕಿರುಚುತ್ತಿತ್ತು. ಅದರ ಮನೆಯಲ್ಲಿ ಸೋಫಾ ಜಾಗ ಬದಲಾಗಿತ್ತು, ಕಣ್ಣು ಮಂದವಾದ ಹಕ್ಕಿಗೆ ತಾನೆಲ್ಲಿದ್ದೇನೆಂಬುದೇ ತಿಳಿಯುತ್ತಿರಲಿಲ್ಲ.

"ವಯಸ್ಸು ಅನ್ನೋದು ಕಾಯಿಲೆ ಹೆಸರಲ್ಲ," ಎನ್ನುತ್ತಾರೆ ಅಕ್ಕ. "ನಾವು ನೋಡೋದು ಬಿಟ್ಟಿದೀವಿ ಅಂತ ಅರ್ಥ."

ಕಿಟಕಿಯ ಪಕ್ಕದ ಪಂಜರದಲ್ಲಿರುವುದು ಭಾವ. ತಿಳಿ ಹಳದಿ ಮೈ, ಹದಿನೇಳು ವರ್ಷ, ಈ ಕೋಣೆಯಲ್ಲೇ ಹಿರಿಯ. ಸಾಕಿದವರು ಟೆಲಿಫೋನ್ ಅಮ್ಮ, ಮೂವತ್ತು ವರ್ಷ ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿದ್ದವರು. ಹಕ್ಕಿ ಮನೆಗೆ ಬಂದ ಮೊದಲ ವಾರವೇ ಎಲ್ಲರಿಗಿಂತ ಮುಂಚೆ ಊಟಕ್ಕೆ ಕೂರುವುದು, ಗಂಡನ ಹೆಗಲೇರಿ ಎಲ್ಲರನ್ನೂ ಗದರುವುದು ಶುರುಮಾಡಿತಂತೆ. ಅವರ ಯಜಮಾನರಿಗೆ ಅಣ್ಣ ಇಲ್ಲ. ಆ ಕೊರತೆ ತುಂಬಲು ಬಂದವರೇ ಇವರು ಎಂದು ಅಮ್ಮ ಹಕ್ಕಿಗೆ ಭಾವ ಎಂದು ಹೆಸರಿಟ್ಟು ಬಹುವಚನದಲ್ಲೇ ಮಾತಾಡಿಸತೊಡಗಿದರು. ಭಾವನವರ ಸ್ನಾನ ಆಯ್ತಾ, ಭಾವನವರಿಗೆ ಸಿಟ್ಟು ಬಂತಾ. ಭಾವನವರು ಹಳೆಯ ಫೋನಿನ ಗಂಟೆಯನ್ನು ಅಚ್ಚುಕಟ್ಟಾಗಿ ಕಲಿತು, ಮಧ್ಯಾಹ್ನ ಮನೆಮಂದಿ ಮಲಗಿದಾಗ ಟ್ರಿಣ್ ಟ್ರಿಣ್ ಎಂದು ಬಾರಿಸಿ ಎಲ್ಲರನ್ನೂ ಎಬ್ಬಿಸುತ್ತಿದ್ದರು. ನಾನೂ ಮೊದಲು 'ಅದು' ಎನ್ನುತ್ತಿದ್ದವನು ಅರ್ಧ ಗಂಟೆಯಲ್ಲಿ 'ಅವನು' ಎಂಬಲ್ಲಿಗೆ ಬಂದಿದ್ದೇನೆ.

ಭಾವ ಇಲ್ಲಿಗೆ ಬಂದು ಹನ್ನೆರಡು ದಿನ. ಟೆಲಿಫೋನ್ ಅಮ್ಮನ ಯಜಮಾನರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾರೆ. ಅಮ್ಮ ಅವರ ಹಾಸಿಗೆಯ ಪಕ್ಕದಲ್ಲಿದ್ದಾರೆ. ಹಕ್ಕಿಯನ್ನು ಬಿಟ್ಟು ಹೋಗುವಾಗ ಅವರು ಪಂಜರದ ಸರಳು ಹಿಡಿದು ಅಕ್ಕನಿಗೆ ಹೇಳಿದ್ದು ಒಂದೇ ಮಾತು, ಎರಡು ಕಡೆಯಿಂದಲೂ ಕೆಟ್ಟ ಸುದ್ದಿ ಕೇಳುವ ಶಕ್ತಿ ತನಗಿಲ್ಲ ಎಂದು.

ಬಂದ ದಿನ ಭಾವ ಮೂಲೆಯಲ್ಲಿ ನಡುಗುತ್ತಾ ಕೂತಿದ್ದ. ಹೆದರಿದ ಹಕ್ಕಿಗೆ ಮರೆ ಬೇಕು ಎಂದು ಅಕ್ಕ ಪಂಜರದೊಳಗೆ ಚಪ್ಪಲಿಯ ರಟ್ಟಿನ ಡಬ್ಬಿ ಇಟ್ಟರು. ಅವನು ಅದರೊಳಗೆ ಸೇರಿಕೊಂಡ. ನಡುಕ ನಿಂತಿತು. ಆದರೆ ಐದಾರು ದಿನದಲ್ಲಿ ಬೇರೆಯೇ ವರಸೆ. ಫೋನಿನ ಗಂಟೆ ನಿಂತುಹೋಯಿತು. ಅಡಿಯ ಕಾಗದವನ್ನು ಚೂರುಚೂರು ಮಾಡಿ ಡಬ್ಬಿಯೊಳಗೆ ಸಾಗಿಸತೊಡಗಿದ. ಕೈ ಹತ್ತಿರ ಹೋದರೆ ಬುಸ್ ಎನ್ನುತ್ತಾನೆ, ಕಚ್ಚುತ್ತಾನೆ. ಅಕ್ಕನ ಹೆಬ್ಬೆರಳಿಗೆ ಎರಡು ಕಡೆ ಪಟ್ಟಿ. ತೂಕ ಮಾತ್ರ ಏರುತ್ತಿದೆ. ಬಂದಾಗ ಎಂಬತ್ತೊಂಬತ್ತು, ಇವತ್ತು ತೊಂಬತ್ತೈದು.

ಮಾತು ಯಾಕೆ ಬಿಟ್ಟಿದ್ದಾನೆ ಎಂದು ಕೇಳುತ್ತೇನೆ. ಅಕ್ಕ ತೊಂಬತ್ತೈದು ಎಂದು ಬರೆದು ಪೆನ್ನಿನ ಮುಚ್ಚಳ ಹಾಕುತ್ತಾರೆ. ಮುಖದಲ್ಲಿ ಸಮಾಧಾನವಿದೆ. ಇಳಿಯುವ ತೂಕಕ್ಕೆ ಹೆದರುವವರು ಇವರು, ಏರುವ ತೂಕ ಇವರ ಪಾಲಿಗೆ ಒಳ್ಳೆಯ ಸುದ್ದಿ. "ಹದಿನೇಳು ವರ್ಷ ಅಲ್ವಾ. ಮನೆ ಬೇರೆ ಬಿಟ್ಟಿದಾನೆ. ವಯಸ್ಸಾಯ್ತು," ಎನ್ನುತ್ತಾರೆ. ಆ ಮಾತು ನನ್ನ ಕಿವಿಗೆ ಬೀಳುತ್ತದೆ. ಆಡಬಾರದ ಮಾತನ್ನು ಅವರೇ ಆಡಿದರಲ್ಲ ಎಂದು ಅನಿಸುತ್ತದೆ. ಆದರೆ ಮೊದಲ ದಿನವೇ ಮಧ್ಯೆ ಬಾಯಿ ಹಾಕುವುದು ಬೇಡವೆಂದು ಸುಮ್ಮನಾಗುತ್ತೇನೆ. ಇದನ್ನು ಬರೆಯುವಾಗಲೂ ಹಾಗೆ ಸುಮ್ಮನಿದ್ದದ್ದು ನನ್ನನ್ನು ಚುಚ್ಚುತ್ತಿದೆ.

ಮರುದಿನ ನಾನು ಬರುವ ಹೊತ್ತಿಗೆ ಅಕ್ಕ ಭಾವನ ಪಂಜರದ ಮುಂದೆ ಮೊಣಕಾಲೂರಿ ಕೂತಿದ್ದಾರೆ. ಬಟ್ಟೆ ನೆಲದ ಮೇಲೆ ಬಿದ್ದಿದೆ. ಉಳಿದ ಎಂಟು ಪಂಜರಗಳು ಇನ್ನೂ ಮುಚ್ಚಿಯೇ ಇವೆ. ಭಾವ ಡಬ್ಬಿಯಿಂದ ಹೊರಗೆ, ಪಂಜರದ ತಳದಲ್ಲಿ, ಎರಡು ಕಾಲು ಅಗಲಿಸಿ ನಿಂತಿದ್ದಾನೆ. ಮೈ ಉಬ್ಬಿದೆ, ಕಣ್ಣು ಅರ್ಧ ಮುಚ್ಚಿದೆ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಜಗ್ಗುತ್ತಿದೆ. ಅಕ್ಕ ಟವೆಲಿನಲ್ಲಿ ಅವನನ್ನು ಎತ್ತಿಕೊಂಡಾಗ ಕಚ್ಚುವುದಿಲ್ಲ.

ಅಕ್ಕ ಒಂದು ಬೆರಳನ್ನು ಹಕ್ಕಿಯ ಹೊಟ್ಟೆಯ ಮೇಲೆ ಹಗುರವಾಗಿ ಆಡಿಸುತ್ತಾರೆ. ಬೆರಳು ಒಂದು ಕಡೆ ನಿಲ್ಲುತ್ತದೆ. ಎದ್ದು ಕಿಟಕಿಗೆ ಹೋಗಿ, ಬೆಳಕಿಗೆ ಎದುರಾಗಿ ಬಾಲದ ಗರಿಯೊಂದನ್ನು ಬಿಡಿಸಿ ಹಿಡಿಯುತ್ತಾರೆ. ಬಿಳಿಯ ಮೇಲೆ ಬಿಳಿಚು ಹಳದಿಯ ಅಡ್ಡಪಟ್ಟಿಗಳು, ಒಂದರ ಕೆಳಗೊಂದು, ಕಂಡೂ ಕಾಣದ ಹಾಗೆ. ನನಗೆ ಏನೂ ಅರ್ಥವಾಗುವುದಿಲ್ಲ. ಅಕ್ಕನ ಮುಖ ಬಣ್ಣಗೆಡುವುದು ಮಾತ್ರ ಕಾಣುತ್ತದೆ.

"ಹೆಣ್ಣು," ಎನ್ನುತ್ತಾರೆ. "ಮೊಟ್ಟೆ ಸಿಕ್ಕಿಹಾಕಿಕೊಂಡಿದೆ."

ಮುಂದಿನದನ್ನು ಅವರು ಕೆಲಸ ಮಾಡುತ್ತಲೇ, ತುಂಡು ತುಂಡಾಗಿ ವಿವರಿಸುತ್ತಾರೆ. ಬೂದು ಬಣ್ಣದ ಕಾಕಟೀಲ್‌ಗಳಲ್ಲಿ ಹೆಣ್ಣಿನ ಬಾಲದ ಅಡಿಯ ಪಟ್ಟಿ ಎದ್ದು ಕಾಣುತ್ತದೆ. ಈ ತಿಳಿ ಹಳದಿಯವುಗಳಲ್ಲಿ ಬೆಳಕಿಗೆ ಹಿಡಿಯದೆ ಕಾಣುವುದಿಲ್ಲ. ಹದಿನಾರು ವರ್ಷದ ಹಿಂದೆ ಒಂದು ಸಂಜೆ ಟೆಲಿಫೋನ್ ಅಮ್ಮ ಆಗ ವರ್ಷದ ಮರಿಯಾಗಿದ್ದ ಇದನ್ನು ತಂದು ಗಂಡೋ ಹೆಣ್ಣೋ ಎಂದು ಕೇಳಿದಾಗ, ಅಕ್ಕ ಟ್ಯೂಬ್‌ಲೈಟಿನ ಕೆಳಗೆ ಒಮ್ಮೆ ಕಣ್ಣಾಡಿಸಿದರು. ಅಷ್ಟರಲ್ಲಿ ಮರಿ ಫೋನಿನ ಗಂಟೆ ಬಾರಿಸಿತು. ಹೀಗೆ ರಾಗ ಹೊರಡಿಸುವುದು ಹೆಚ್ಚಾಗಿ ಗಂಡೇ. ಗಂಡು ಎಂದುಬಿಟ್ಟರು. ಆ ಒಂದು ಮಾತಿನ ಮೇಲೆ ಭಾವ ಎಂಬ ಹೆಸರು, ಬಹುವಚನ, ಹದಿನಾರು ವರ್ಷ. ಕಾಗದ ಹರಿದದ್ದು, ಬುಸುಗುಟ್ಟಿದ್ದು, ಕತ್ತಲ ಮೂಲೆ ಹಿಡಿದದ್ದು ಗೂಡು ಕಟ್ಟುವ ಹೆಣ್ಣಿನ ಲಕ್ಷಣ ಎಂದು ಬೇರೆ ಯಾವ ಹಕ್ಕಿಯಲ್ಲಾದರೂ ಅಕ್ಕ ಒಂದೇ ದಿನದಲ್ಲಿ ಹೇಳುತ್ತಿದ್ದರು. ಭಾವನಲ್ಲಿ ಹೇಳಲಾಗಲಿಲ್ಲ, ಯಾಕೆಂದರೆ ಭಾವ ಗಂಡು. ಮರೆಗೆಂದು ಇಟ್ಟ ರಟ್ಟಿನ ಡಬ್ಬಿಯನ್ನು ಹಕ್ಕಿ ಗೂಡು ಮಾಡಿಕೊಂಡಿತ್ತು. ಖುಷಿಪಟ್ಟು ಬರೆದ ತೂಕ ಮೊಟ್ಟೆಯದಾಗಿತ್ತು.

ಹಕ್ಕಿ ಡಾಕ್ಟರ ಕ್ಲಿನಿಕ್ ತೆರೆಯುವುದು ಹತ್ತಕ್ಕೆ. ಈಗ ಆರೂ ಆಗಿಲ್ಲ. ಡಾಕ್ಟರ ಫೋನು ಸ್ವಿಚ್ ಆಫ್. ಸಿಕ್ಕಿಬಿದ್ದ ಮೊಟ್ಟೆ ಒಂದು ದಿನದೊಳಗೆ ಜೀವ ತೆಗೆಯಬಲ್ಲದು, ಎಷ್ಟು ಹೊತ್ತು ಆಗಲೇ ಕಳೆದಿದೆಯೋ ಗೊತ್ತಿಲ್ಲ. ಒತ್ತಿ ತೆಗೆಯಬಾರದೇ ಎಂದು ಗಂಡ ಬಾಗಿಲಲ್ಲಿ ನಿಂತು ಕೇಳಿದಾಗ ಅಕ್ಕ ತಲೆ ಎತ್ತದೆ ಹೇಳುತ್ತಾರೆ, ಒಳಗೇ ಒಡೆದರೆ ಮುಗಿಯಿತು ಎಂದು. ಬಿಸಿನೀರಿನ ಬೋಗುಣಿ ಬರುತ್ತದೆ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಮಡಿಚಿದ ಟವೆಲು, ಟವೆಲಿನ ಮೇಲೆ ಹಕ್ಕಿ, ಸುತ್ತ ದಪ್ಪ ಬಟ್ಟೆ. ನನ್ನ ಕೈಗೆ ಥರ್ಮಾಮೀಟರ್ ಕೊಡುತ್ತಾರೆ. ಮೂವತ್ತಕ್ಕಿಂತ ಇಳಿದರೂ ಹೇಳಬೇಕು, ಮೂವತ್ತೆರಡು ದಾಟಿದರೂ ಹೇಳಬೇಕು. ಬರೆಯಲು ಬಂದವನು ನಾಲ್ಕು ಗಂಟೆ ಕಾಲ ಒಂದು ಗಾಜಿನ ಕಡ್ಡಿಯನ್ನು ನೋಡುತ್ತಾ ಕೂರುತ್ತೇನೆ. ಬಾಲ ಜಗ್ಗುವುದು ನಿಂತಂತೆ ಕಂಡಾಗಲೆಲ್ಲ ಜೀವ ಬಾಯಿಗೆ ಬರುತ್ತದೆ, ಮತ್ತೆ ಜಗ್ಗಿದಾಗ ಇಷ್ಟು ಕಷ್ಟಪಡುತ್ತಿದೆಯಲ್ಲ ಎಂದು ಇನ್ನೊಂದು ಭಯ.

ಅಕ್ಕ ಅದರ ಮಧ್ಯೆಯೇ ಉಳಿದ ಎಂಟು ಬಟ್ಟೆಗಳನ್ನು ಎತ್ತುತ್ತಾರೆ, ಎಂಟು ತೂಕ ಬರೆಯುತ್ತಾರೆ. ಅಂಕಿಗಳು ಸೊಟ್ಟಗಾಗಿವೆ. ಒಂದು ಹಕ್ಕಿಯನ್ನು ಎರಡು ಸಲ ತೂಗುತ್ತಾರೆ. ಮೊದಲ ಸಲ ಓದಿದ್ದು ತಲೆಗೆ ಹೋಗಿಲ್ಲ.

ಕ್ಲಿನಿಕ್‌ನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಈ ಪ್ರಾಯದಲ್ಲಿ ಮೊಟ್ಟೆ ಅಪರೂಪ, ಆದರೆ ಇಲ್ಲವೆನ್ನಲಾಗದು ಎನ್ನುತ್ತಾರೆ. ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು ಹಕ್ಕಿಯನ್ನು ಬಿಸಿ ಪೆಟ್ಟಿಗೆಯೊಳಗೆ ಇಡುತ್ತಾರೆ. ಮಧ್ಯಾಹ್ನದೊಳಗೆ ತಾನಾಗಿ ಬರದಿದ್ದರೆ ಅರಿವಳಿಕೆ ಕೊಟ್ಟು ತೆಗೆಯಬೇಕು. ಈ ದೇಹ ಅರಿವಳಿಕೆ ತಡೆಯುತ್ತದೆಂಬ ಭರವಸೆ ಅವರಿಗಿಲ್ಲ. ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು. ಅಂದರೆ ಫೋನು ಮಾಡಲೇಬೇಕು.

ಅಕ್ಕ ಮೊಬೈಲು ಹಿಡಿದು ಕಾರಿಡಾರಿನ ಬೆಂಚಿನ ಮೇಲೆ ಕೂರುತ್ತಾರೆ. ಇಪ್ಪತ್ತೊಂದು ವರ್ಷದಲ್ಲಿ ಇಂಥ ಫೋನು ನೂರಾರು ಮಾಡಿದ್ದಾರೆ. ಆದರೆ ಅವೆಲ್ಲ ಹಕ್ಕಿಯ ಸುದ್ದಿ, ಇದು ತಮ್ಮದೇ ತಪ್ಪಿನ ಸುದ್ದಿ. ನಂಬರು ಒತ್ತುವ ಮೊದಲು ನನ್ನ ಕಡೆ ತಿರುಗಿ, ಬರೆಯುವುದಾದರೆ ಇದನ್ನೂ ಬರೆಯಬೇಕು, ಚೆನ್ನಾಗಿರುವುದನ್ನಷ್ಟೇ ಬರೆಯುವುದಾದರೆ ಈಗಲೇ ಮನೆಗೆ ಹೋಗಬಹುದು ಎನ್ನುತ್ತಾರೆ. ನಾನು ಅಲ್ಲೇ ಕೂತಿರುತ್ತೇನೆ.

ಫೋನಿನಲ್ಲಿ ಅವರು ಏನನ್ನೂ ಮುಚ್ಚಿಡುವುದಿಲ್ಲ. ಹದಿನಾರು ವರ್ಷದ ಹಿಂದೆ ಸರಿಯಾಗಿ ನೋಡದೆ ಹೇಳಿದ್ದು, ಡಬ್ಬಿ ಇಟ್ಟದ್ದು, ತೂಕ ನೋಡಿ ಮೈಮರೆತದ್ದು, ಇವತ್ತೇ ಏನು ಬೇಕಾದರೂ ಆಗಬಹುದು ಎಂಬುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ನಿಲ್ಲಿಸುತ್ತಾರೆ. ಆ ಕಡೆ ಆಸ್ಪತ್ರೆಯ ಟ್ರಾಲಿಯೊಂದು ಕಿರುಗುಟ್ಟುತ್ತಾ ಹೋಗುವುದು ನನಗೂ ಕೇಳಿಸುತ್ತದೆ.

"ಹಂಗಾದ್ರೆ ನಾದಿನಿ ಅನ್ನು," ಎನ್ನುತ್ತದೆ ಟೆಲಿಫೋನ್ ಅಮ್ಮನ ಧ್ವನಿ. "ಆ ದರ್ಬಾರು ನೋಡಿದಾಗಲೇ ನನಗೆ ಗೊತ್ತಾಗಬೇಕಿತ್ತು." ನಗು ಅರ್ಧಕ್ಕೇ ಅಳುವಾಗುತ್ತದೆ. ಅರಿವಳಿಕೆಯ ಮಾತು ಬಂದಾಗ ಅವರು ಹೇಳುವುದು, ಅಕ್ಕ ಹೇಗೆ ಹೇಳಿದರೆ ಹಾಗೆ. ಇಷ್ಟು ಹೇಳಿ ಯಜಮಾನರಿಗೆ ಎಚ್ಚರವಾಯಿತೆಂದು ಫೋನು ಇಡುತ್ತಾರೆ. ನಂಬಿಕೆಯ ಈ ಮಾತೇ ಅಕ್ಕನಿಗೆ ನುಂಗಲಾರದ ತುತ್ತು. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ಗೋಡೆಗೆ ತಲೆ ಆನಿಸಿ ಕೂರುತ್ತಾರೆ.

ಹನ್ನೆರಡೂ ಮುಕ್ಕಾಲಿಗೆ ಡಾಕ್ಟರು ಬಾಗಿಲು ತೆಗೆದು ನಮ್ಮನ್ನು ಕರೆಯುತ್ತಾರೆ. ಬಿಸಿ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಮೊಟ್ಟೆ ಬಿದ್ದಿದೆ. ಚಿಪ್ಪು ಪೂರ್ತಿ ಗಟ್ಟಿಯಾಗಿಲ್ಲ, ಒಂದು ಕಡೆ ತಗ್ಗಾಗಿದೆ. ಅದರಿಂದ ಒಂದು ಗೇಣು ದೂರದಲ್ಲಿ ಹಕ್ಕಿ ರೆಕ್ಕೆ ಇಳಿಬಿಟ್ಟು, ಕಣ್ಣು ತೆರೆದು ಕೂತಿದ್ದಾಳೆ. ಡಾಕ್ಟರು ಖುಷಿಪಡಲು ಬಿಡುವುದಿಲ್ಲ. ಎರಡು ದಿನಕ್ಕೆ ಇನ್ನೊಂದು ಬರಬಹುದು, ಎರಡನೆಯದನ್ನು ಈ ದೇಹ ತಡೆಯುವುದು ಕಷ್ಟ. ಡಬ್ಬಿ ತೆಗೆಯಿರಿ, ಬೆಳಕಿನ ಹೊತ್ತು ಕಡಿಮೆ ಮಾಡಿ, ಕಾಯಿರಿ ಎಂದು ಕಳಿಸುತ್ತಾರೆ.

ಆ ಎರಡು ದಿನ ಅಕ್ಕ ಆ ಕೋಣೆ ಬಿಟ್ಟು ಅಲುಗಲಿಲ್ಲವೆಂದು ಗಂಡ ಹೇಳುತ್ತಾರೆ. ಮೂರನೆಯ ಬೆಳಿಗ್ಗೆ ನಾನು ಹೋದಾಗ ತೂಕ ತೊಂಬತ್ತು. ಹೊಟ್ಟೆ ಮೆತ್ತಗಿದೆ. ಎರಡನೆಯದು ಇಲ್ಲ, ಇಲ್ಲಿಯವರೆಗೆ ಇಲ್ಲ. ಈ ಕೆಲಸ ಮಾಡುತ್ತಾ ಏನು ಆಸೆ ಉಳಿದಿದೆ ಎಂದು, ನಮ್ಮಂಥವರು ಕೊನೆಗೆ ಕೇಳುವ ಪ್ರಶ್ನೆಯನ್ನು ಕೇಳುತ್ತೇನೆ. ದೊಡ್ಡ ಜಾಗ, ಸನ್ಮಾನ, ಹೀಗೇನಾದರೂ ಹೇಳುತ್ತಾರೆಂದುಕೊಂಡಿದ್ದೇನೆ. ಅಕ್ಕ ನೀರಿನ ಬಟ್ಟಲು ತೊಳೆಯುತ್ತಾ ಯೋಚಿಸುತ್ತಾರೆ.

"ನಾನು ತಪ್ಪು ಮಾಡಿದ್ರೆ ಅದು ಹಕ್ಕಿಗಿಂತ ಮುಂಚೆ ನನಗೆ ಗೊತ್ತಾಗಬೇಕು. ಅಷ್ಟೇ."

ನನ್ನ ಬರಹವನ್ನು ಇಲ್ಲಿಗೆ ಮುಗಿಸಬಹುದಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳುತ್ತದೆ. ಟೆಲಿಫೋನ್ ಅಮ್ಮ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಾರೆ, ಎಪ್ಪತ್ತೊಂದರ ಸಣಕಲು ದೇಹ, ಕಣ್ಣ ಸುತ್ತ ಕಪ್ಪು. ಅಕ್ಕ ಎದ್ದು ನಿಂತು, ಹಕ್ಕಿಯನ್ನು ಬೇರೆಯವರ ಹತ್ತಿರ ಬಿಡುವುದಾದರೆ ತಾನೇ ಜಾಗ ಹುಡುಕಿಕೊಡುತ್ತೇನೆ, ತನಗೆ ಬೇಸರವಿಲ್ಲ ಎಂದು ಮೊದಲೇ ಸಿದ್ಧಮಾಡಿಕೊಂಡಿದ್ದನ್ನು ಒಪ್ಪಿಸುತ್ತಾರೆ. ಅಮ್ಮ ಅದನ್ನು ಕೇಳಿಸಿಕೊಂಡಂತೆ ಕಾಣುವುದಿಲ್ಲ. ಸರಳಿನ ಮೂಲಕ ಒಂದು ಬೆರಳು ತೂರಿಸುತ್ತಾರೆ. ಹಕ್ಕಿ ಅದಕ್ಕೆ ತಲೆ ಒತ್ತಿ ನಿಲ್ಲುತ್ತಾಳೆ. ಅಮ್ಮನ ಭುಜ ಅಲುಗತೊಡಗುತ್ತದೆ. ಹಕ್ಕಿಗಾಗಿ ಅಳುತ್ತಿದ್ದಾರೆಂದು ನಾನು ತಿಳಿಯುತ್ತೇನೆ.

"ನೀನು ಒಂದ್ಸಲ ಆಸ್ಪತ್ರೆಗೆ ಬರ್ತೀಯೇನೇ," ಎನ್ನುತ್ತಾರೆ ಅವರು ಅಕ್ಕನಿಗೆ, ತಿರುಗದೆಯೇ. "ನಮ್ಮನೆಯವರು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗ್ತಾರೆ. ತಟ್ಟೆ ದೂಡ್ತಾರೆ. ನಿನ್ನೆ ನನ್ನ ಹೆಸರೇ ಬಾಯಿಗೆ ಬರಲಿಲ್ಲ ಅವರಿಗೆ. ಆಪರೇಷನ್ ಆದವರು ಎಲ್ಲ ಹಿಂಗೇ ಅಂತ ಅಲ್ಲಿ ಎಲ್ಲರೂ ಒಂದೇ ಮಾತು ಹೇಳಿ ಹೋಗ್ತಾರೆ. ನಿಂತು ನೋಡೋರು ಯಾರೂ ಇಲ್ಲ."

ಅಕ್ಕ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ತನಗೆ ಮನುಷ್ಯರದ್ದು ಏನೂ ಗೊತ್ತಾಗುವುದಿಲ್ಲ, ಹಕ್ಕಿಯದ್ದೇ ತಪ್ಪಿಹೋಯಿತು, ಇಂಥದ್ದನ್ನು ತನ್ನಿಂದ ಕೇಳಬಾರದು ಎನ್ನುತ್ತಾರೆ. ಅಮ್ಮ ಸರಳಿನಿಂದ ಬೆರಳು ತೆಗೆದು ಇವರ ಕಡೆ ತಿರುಗುತ್ತಾರೆ. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ, ಗೂಟದಿಂದ ಚೀಲ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಗೋಡೆ ಕಡೆ ತಿರುಗಿದ್ದು ಯಾವತ್ತಿಂದ ಅಮ್ಮಾ?" ಎಂದು ಕೇಳುತ್ತಾರೆ. "ತಟ್ಟೆ ದೂಡೋಕೆ ಮುಂಚೆಯಾ, ಆಮೇಲೆಯಾ?"